ಮೂತ್ರಪಿಂಡದ ಕ್ಯಾನ್ಸರ್ ಜೀರ್ಣಾಂಗಕ್ಕೆ ಹರಡಿದಾಗ: ಹಳೆಯ ಚಿಕಿತ್ಸೆಯ ನೆನಪು ಏಕೆ ಬೇಕು?

ಕಾಯಕಕ್ಕೂ ದಾಸೋಹಕ್ಕೂ ಆಧಾರ ಈ ಕಾಯ. ಆದುದರಿಂದ ಅದರ ಪಾಲನೆಯೂ ನಮ್ಮ ಕರ್ತವ್ಯವೇ ಆಗಿದೆ. ಸೋರಿದ ಮಾಳಿಗೆಯನ್ನು ಒಮ್ಮೆ ಸರಿಪಡಿಸಿದ ಮೇಲೂ ಪ್ರತಿ ಮಳೆಗಾಲಕ್ಕೆ ಮುನ್ನ ಹತ್ತಿ ನೋಡುವುದು ನಮ್ಮ ಹಿರಿಯರ ರೂಢಿ. ದೇಹದ ವಿಷಯದಲ್ಲಿ ಮಾತ್ರ ನಾವು ಅಷ್ಟು ಎಚ್ಚರ ವಹಿಸುವುದಿಲ್ಲ. ಶಸ್ತ್ರಚಿಕಿತ್ಸೆ ಮುಗಿದು ಹೊಲಿಗೆ ಬಿಚ್ಚಿದೊಡನೆ ರೋಗವೂ ಮುಗಿಯಿತೆಂದು ನಿಶ್ಚಿಂತರಾಗುತ್ತೇವೆ. ಕೆಲವು ವರ್ಷಗಳಲ್ಲಿ ಆಸ್ಪತ್ರೆಯ ಕಾಗದಪತ್ರಗಳೂ ಎಲ್ಲಿಯೋ ಕಳೆದುಹೋಗುತ್ತವೆ.

ಅನೇಕ ಕಾಯಿಲೆಗಳಲ್ಲಿ ಇದರಿಂದ ಹಾನಿಯಿಲ್ಲ. ಆದರೆ ಮೂತ್ರಪಿಂಡದ, ಅಂದರೆ ಕಿಡ್ನಿಯ ಕ್ಯಾನ್ಸರಿನ ಸ್ವಭಾವ ಬೇರೆ. ಅದು ಹತ್ತು, ಹದಿನೈದು, ಕೆಲವೊಮ್ಮೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ ಮರಳಿ ಕಾಣಿಸಿಕೊಳ್ಳಬಲ್ಲದು. ಹಾಗೆ ಮರಳುವಾಗ ಯಾರೂ ನಿರೀಕ್ಷಿಸದ ಜಾಗದಲ್ಲಿ, ಜಠರದಲ್ಲಿ, ಸಣ್ಣ ಕರುಳಿನಲ್ಲಿ, ಮೇದೋಜೀರಕ ಗ್ರಂಥಿಯಲ್ಲಿ ನೆಲೆಯೂರಬಲ್ಲದು. ಹೀಗಾಗುವುದು ವಿರಳ. ಆದರೆ ವಿರಳವಾದುದರಿಂದಲೇ ಅದನ್ನು ಗುರುತಿಸುವಲ್ಲಿ ವಿಳಂಬವಾಗುತ್ತದೆ. ಆ ವಿಳಂಬವನ್ನು ತಪ್ಪಿಸಲು ಬೇಕಾದ ಒಂದು ಮಾತು ರೋಗಿಯ ಬಳಿಯಲ್ಲಿಯೇ ಇರುತ್ತದೆ: “ನನಗೆ ಹಿಂದೆ ಕಿಡ್ನಿಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಆಗಿತ್ತು” ಎಂಬ ಮಾತು. ಅದಕ್ಕೆ ಅಷ್ಟೊಂದು ಬೆಲೆ ಏಕೆಂಬುದನ್ನು ಈ ಲೇಖನದಲ್ಲಿ ವಿವರಿಸುತ್ತೇವೆ.

ಮೂತ್ರಪಿಂಡ ಮತ್ತು ಅದರ ಕ್ಯಾನ್ಸರ್

ನಮ್ಮ ಬೆನ್ನಿನ ಒಳಭಾಗದಲ್ಲಿ, ಬೆನ್ನುಮೂಳೆಯ ಎರಡೂ ಪಕ್ಕಗಳಲ್ಲಿ, ಮುಷ್ಟಿಯಷ್ಟು ದೊಡ್ಡದಾದ ಎರಡು ಮೂತ್ರಪಿಂಡಗಳಿವೆ. ಒಂದೊಂದರ ತೂಕ ಸುಮಾರು ೧೫೦ ಗ್ರಾಂ. ಗಾತ್ರ ಚಿಕ್ಕದಾದರೂ ಹೃದಯ ಹೊರದೂಡುವ ರಕ್ತದ ಸುಮಾರು ಐದನೆಯ ಒಂದು ಭಾಗ ಇವುಗಳಿಗೇ ಹರಿಯುತ್ತದೆ. ದಿನವೊಂದಕ್ಕೆ ಸುಮಾರು ೧೮೦ ಲೀಟರ್ ದ್ರವ ಇಲ್ಲಿ ಸೋಸಲ್ಪಟ್ಟು, ಅದರಲ್ಲಿ ಬಹುಪಾಲು ಮತ್ತೆ ರಕ್ತಕ್ಕೆ ಸೇರಿ, ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬೀಳುತ್ತದೆ.

ಸೋಸಿದ ದ್ರವ ಹಾದುಹೋಗುವ ಸೂಕ್ಷ್ಮ ನಳಿಕೆಗಳ ಒಳಗೋಡೆಯ ಜೀವಕೋಶಗಳಿಂದಲೇ ವಯಸ್ಕರ ಮೂತ್ರಪಿಂಡದ ಬಹುತೇಕ ಕ್ಯಾನ್ಸರುಗಳು ಹುಟ್ಟುತ್ತವೆ. ಅವುಗಳಲ್ಲಿ ಸುಮಾರು ನಾಲ್ಕನೆಯ ಮೂರು ಭಾಗ ‘ಕ್ಲಿಯರ್ ಸೆಲ್’ ಎಂಬ ಬಗೆಗೆ ಸೇರಿದವು. ಈ ಜೀವಕೋಶಗಳೊಳಗೆ ಕೊಬ್ಬು ಮತ್ತು ಗ್ಲೈಕೋಜನ್ ತುಂಬಿರುತ್ತವೆ. ಪರೀಕ್ಷೆಗೆಂದು ಅಂಗಾಂಶವನ್ನು ಸಿದ್ಧಪಡಿಸುವಾಗ ಅವು ಕರಗಿಹೋಗಿ, ಸೂಕ್ಷ್ಮದರ್ಶಕದಲ್ಲಿ ಕೋಶಗಳು ಬರಿದಾಗಿ, ತಿಳಿಯಾಗಿ ಕಾಣುವುದರಿಂದ ಆ ಹೆಸರು ಬಂದಿದೆ. ಧೂಮಪಾನ, ಅತಿಯಾದ ದೇಹತೂಕ ಮತ್ತು ಅಧಿಕ ರಕ್ತದೊತ್ತಡ ಈ ರೋಗದ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಮಹಿಳೆಯರಿಗಿಂತ ಪುರುಷರಲ್ಲಿ ಇದು ಹೆಚ್ಚು.

ಮೂತ್ರಪಿಂಡ ಹೊಟ್ಟೆಯ ಆಳದಲ್ಲಿ ಇರುವುದರಿಂದ ಅದರೊಳಗಿನ ಗಡ್ಡೆ ಬಹುಕಾಲ ಸದ್ದಿಲ್ಲದೆ ಬೆಳೆಯಬಲ್ಲದು. ನೋವಿಲ್ಲದೆ ಮೂತ್ರದಲ್ಲಿ ರಕ್ತ ಹೋಗುವುದು, ಪಕ್ಕೆಯಲ್ಲಿ ನೋವು, ಕೈಗೆ ಸಿಗುವ ಗಂಟು, ಇವು ಅದರ ಪ್ರಸಿದ್ಧ ಲಕ್ಷಣಗಳು. ಮೂರೂ ಒಟ್ಟಿಗೆ ಕಾಣುವುದು ಈಗ ಅಪರೂಪ. ಬೇರಾವುದೋ ಕಾರಣಕ್ಕೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ ಅಕಸ್ಮಾತ್ತಾಗಿ ಪತ್ತೆಯಾಗುವ ಗಡ್ಡೆಗಳೇ ಇಂದು ಹೆಚ್ಚು.

ರಕ್ತನಾಳಗಳನ್ನು ಕರೆಯುವ ಗಡ್ಡೆ

ಈ ಕ್ಯಾನ್ಸರಿನ ಸ್ವಭಾವವನ್ನು ಅರಿಯಲು ಒಂದು ಜೀನಿನ ಪರಿಚಯ ಅಗತ್ಯ. ಜರ್ಮನಿಯ ನೇತ್ರವೈದ್ಯ ಫಾನ್ ಹಿಪ್ಪೆಲ್ ಮತ್ತು ಸ್ವೀಡನ್ನಿನ ಲಿಂಡೌ ಇವರ ಹೆಸರಿನಿಂದ ಅದನ್ನು ‘ವಿ.ಎಚ್.ಎಲ್.’ ಜೀನ್ ಎನ್ನುತ್ತಾರೆ. ದೇಹಕ್ಕೆ ಆಮ್ಲಜನಕ ಸಾಕಷ್ಟಿದ್ದಾಗ, ಹೊಸ ರಕ್ತನಾಳಗಳನ್ನು ಬೆಳೆಸೆಂಬ ಸಂದೇಶ ಹೊರಡದಂತೆ ತಡೆಯುವುದು ಇದರ ಒಂದು ಮುಖ್ಯ ಕೆಲಸ. ಕ್ಲಿಯರ್ ಸೆಲ್ ಕ್ಯಾನ್ಸರಿನಲ್ಲಿ ಬಹುತೇಕ ಈ ಜೀನ್ ಕೆಟ್ಟಿರುತ್ತದೆ. ಆಗ ಆಮ್ಲಜನಕ ಬೇಕಾದಷ್ಟಿದ್ದರೂ ಜೀವಕೋಶಗಳು ಉಸಿರುಗಟ್ಟಿದವರಂತೆ ವರ್ತಿಸಿ, ರಕ್ತನಾಳಗಳನ್ನು ಬೆಳೆಸುವ ರಾಸಾಯನಿಕಗಳನ್ನು ಎಡೆಬಿಡದೆ ಸ್ರವಿಸುತ್ತವೆ. ಜೀವಕೋಶಗಳು ಆಮ್ಲಜನಕದ ಏರಿಳಿತವನ್ನು ಗ್ರಹಿಸುವ ಈ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ ವಿಲಿಯಂ ಕೇಲಿನ್, ಪೀಟರ್ ರಾಟ್‌ಕ್ಲಿಫ್ ಮತ್ತು ಗ್ರೆಗ್ ಸೆಮೆನ್ಜಾ ಅವರಿಗೆ ೨೦೧೯ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು.

ಇದರ ಪರಿಣಾಮವಾಗಿ ಮೂತ್ರಪಿಂಡದ ಗಡ್ಡೆ ರಕ್ತನಾಳಗಳಿಂದ ದಟ್ಟವಾಗಿರುತ್ತದೆ. ಅದು ಬೇರೆಡೆಗೆ ಹರಡಿದಾಗಲೂ ಈ ಗುಣ ಅದರೊಡನೆಯೇ ಹೋಗುತ್ತದೆ. ಕರುಳಿನ ಒಳಪದರದಲ್ಲಿ ಇಂಥ ಗಂಟು ಬೆಳೆದರೆ, ಆಹಾರದ ಚಲನೆ ಮತ್ತು ಜೀರ್ಣರಸಗಳ ಸಂಪರ್ಕದಿಂದ ಅದರ ಮೇಲ್ಮೈ ಹುಣ್ಣಾಗಿ ರಕ್ತ ಒಸರತೊಡಗುತ್ತದೆ. ಜೀರ್ಣಾಂಗಕ್ಕೆ ಹರಡಿದ ಮೂತ್ರಪಿಂಡದ ಕ್ಯಾನ್ಸರ್ ಹೆಚ್ಚಾಗಿ ರಕ್ತಸ್ರಾವದ ರೂಪದಲ್ಲಿ ಪ್ರಕಟವಾಗುವುದು ಈ ಕಾರಣಕ್ಕೆ.

ಹರಡುವ ದಾರಿಗಳು

ಮೂತ್ರಪಿಂಡದಿಂದ ಹೊರಟ ರಕ್ತ ಕೆಳಗಿನ ಮಹಾಸಿರೆಯನ್ನು ಸೇರಿ, ಹೃದಯದ ಬಲಭಾಗವನ್ನು ಹಾದು, ನೇರವಾಗಿ ಶ್ವಾಸಕೋಶಗಳನ್ನು ತಲುಪುತ್ತದೆ. ಆದ್ದರಿಂದ ಈ ಕ್ಯಾನ್ಸರ್ ಹರಡುವ ಸ್ಥಳಗಳಲ್ಲಿ ಶ್ವಾಸಕೋಶವೇ ಮೊದಲನೆಯದು. ಮೂಳೆ, ದುಗ್ಧಗ್ರಂಥಿ, ಯಕೃತ್ತು, ಅಡ್ರಿನಲ್ ಗ್ರಂಥಿ ಮತ್ತು ಮೆದುಳು ಅನಂತರದವು. ಜೀರ್ಣನಾಳ ಈ ಪಟ್ಟಿಯ ಕೊನೆಯಲ್ಲಿದೆ.

ಅಲ್ಲಿಗೆ ತಲುಪುವ ದಾರಿಗಳು ಮುಖ್ಯವಾಗಿ ಎರಡು. ಮೊದಲನೆಯದು ನೆರೆಹೊರೆಯ ದಾರಿ. ಬಲ ಮೂತ್ರಪಿಂಡದ ಮುಂದೆಯೇ ಸಣ್ಣ ಕರುಳಿನ ಆರಂಭದ ಭಾಗವಾದ ಡುಯೋಡಿನಂ ಹಾದುಹೋಗುತ್ತದೆ. ಬಲಗಡೆಯ ಗಡ್ಡೆ, ಅಥವಾ ಮೂತ್ರಪಿಂಡವನ್ನು ತೆಗೆದ ಜಾಗದಲ್ಲಿಯೇ ಮರಳಿ ಬೆಳೆದ ಗಡ್ಡೆ, ಅದರೊಳಕ್ಕೆ ನೇರವಾಗಿ ನುಗ್ಗಬಹುದು. ಎಡಗಡೆಯಲ್ಲಿ ದೊಡ್ಡ ಕರುಳಿನ ಇಳಿಭಾಗ ಮತ್ತು ಮೇದೋಜೀರಕ ಗ್ರಂಥಿಯ ತುದಿ ಹೀಗೆಯೇ ನೆರೆಯಲ್ಲಿವೆ. ಎರಡನೆಯದು ರಕ್ತದ ದಾರಿ. ಶ್ವಾಸಕೋಶಗಳ ಜರಡಿಯನ್ನು ದಾಟಿ ಹೋದ ಕೆಲವು ಕ್ಯಾನ್ಸರ್ ಕೋಶಗಳು ಹೃದಯದ ಎಡಭಾಗವನ್ನು ಸೇರಿ, ಅಲ್ಲಿಂದ ಅಪಧಮನಿಗಳ ಮೂಲಕ ದೇಹದ ಯಾವ ಮೂಲೆಯನ್ನಾದರೂ ಮುಟ್ಟಬಲ್ಲವು.

ಮುಟ್ಟಿದ ಕಡೆಯಲ್ಲೆಲ್ಲ ಅವು ಬೇರೂರುವುದಿಲ್ಲ. ೧೮೮೯ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಇದನ್ನು ಬೀಜ ಮತ್ತು ಮಣ್ಣಿನ ಸಂಬಂಧಕ್ಕೆ ಹೋಲಿಸಿದರು. ಗಾಳಿಗೆ ಹಾರಿದ ಬೀಜ ಎಲ್ಲೆಡೆ ಬಿದ್ದರೂ ಒಗ್ಗುವ ನೆಲದಲ್ಲಿ ಮಾತ್ರ ಮೊಳೆಯುತ್ತದೆ. ಒಕ್ಕಲುತನ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿದ್ದ ಬೀಜವೂ ಒಡನೆಯೇ ಮೊಳೆಯಬೇಕೆಂದಿಲ್ಲ. ದೇಹದ ರೋಗನಿರೋಧಕ ಶಕ್ತಿ ಅದನ್ನು ಅದುಮಿಟ್ಟಿರುವವರೆಗೆ ವರ್ಷಗಟ್ಟಲೆ ಸುಪ್ತವಾಗಿ ಉಳಿದು, ಆ ಹಿಡಿತ ಸಡಿಲಿದಾಗ ಎದ್ದೇಳಬಹುದೆಂದು ತಜ್ಞರು ಭಾವಿಸುತ್ತಾರೆ.

ಅಂಗದಿಂದ ಅಂಗಕ್ಕೆ ಲಕ್ಷಣ ಬೇರೆ

ಜಠರದಲ್ಲಿ ನೆಲೆಯೂರಿದ ಗಂಟು ಎಂಡೋಸ್ಕೋಪಿಯಲ್ಲಿ ಸಾಮಾನ್ಯ ಹುಣ್ಣಿನಂತೆಯೋ ನಿರಪಾಯಕಾರಿ ದುರ್ಮಾಂಸದಂತೆಯೋ ಕಾಣಿಸಬಹುದು. ಹೊಟ್ಟೆನೋವು, ಹಸಿವಿಲ್ಲದಿರುವುದು, ರಕ್ತವಾಂತಿ, ಕಪ್ಪು ಮಲ ಇದರ ಲಕ್ಷಣಗಳು. ಸಣ್ಣ ಕರುಳಿನಲ್ಲಿ ಬೆಳೆದರೆ ರಕ್ತ ಒಸರುವುದರ ಜೊತೆಗೆ ಕರುಳಿನ ದಾರಿ ಮುಚ್ಚಬಹುದು. ಗಂಟನ್ನು ಮುಂದಕ್ಕೆ ತಳ್ಳಲು ಹೋಗಿ ಕರುಳಿನ ಒಂದು ಭಾಗ ಇನ್ನೊಂದರೊಳಕ್ಕೆ ಸೇರಿಕೊಳ್ಳಲೂಬಹುದು. ಆಗ ಹೊಟ್ಟೆಯುಬ್ಬರ, ಬಿಟ್ಟುಬಿಟ್ಟು ಬರುವ ತೀವ್ರ ನೋವು, ವಾಂತಿ ಕಾಣಿಸುತ್ತವೆ. ಡುಯೋಡಿನಂನಲ್ಲಿ ಪಿತ್ತನಾಳದ ಬಾಯಿ ಮುಚ್ಚಿದರೆ ಕಾಮಾಲೆ ತಲೆದೋರುತ್ತದೆ. ದೊಡ್ಡ ಕರುಳಿಗೆ ಹರಡಿದಾಗ ಮಲದೊಡನೆ ರಕ್ತ ಬೀಳುವುದು, ಮಲವಿಸರ್ಜನೆಯ ಕ್ರಮ ತಪ್ಪುವುದು ಸಾಮಾನ್ಯ.

ಮೇದೋಜೀರಕ ಗ್ರಂಥಿಯದು ಒಂದು ವಿಶೇಷ. ಬೇರೆ ಅಂಗದ ಕ್ಯಾನ್ಸರ್ ಬಂದು ಈ ಗ್ರಂಥಿಯೊಂದರಲ್ಲೇ ನೆಲೆಸುವ ಪ್ರಸಂಗಗಳಲ್ಲಿ ಮೂತ್ರಪಿಂಡದ ಕ್ಯಾನ್ಸರೇ ಎಲ್ಲಕ್ಕಿಂತ ಹೆಚ್ಚು. ಅದು ಅನೇಕರಲ್ಲಿ ಯಾವ ತೊಂದರೆಯನ್ನೂ ಕೊಡದೆ, ಮೊದಲ ಶಸ್ತ್ರಚಿಕಿತ್ಸೆಯಾಗಿ ಎಷ್ಟೋ ವರ್ಷಗಳ ಮೇಲೆ ಸ್ಕ್ಯಾನಿಂಗಿನಲ್ಲಿ ಮಾತ್ರ ಗೋಚರವಾಗುತ್ತದೆ. ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ ಎಂದೊಡನೆ ಕುಟುಂಬದವರು ಕಂಗೆಡುವುದು ಸಹಜ. ಏಕೆಂದರೆ ಆ ಗ್ರಂಥಿಯಲ್ಲಿಯೇ ಹುಟ್ಟುವ ಕ್ಯಾನ್ಸರ್ ಅತ್ಯಂತ ಉಗ್ರವಾದುದು. ಆದರೆ ಮೂತ್ರಪಿಂಡದಿಂದ ಬಂದ ಗಂಟು ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತದೆ, ಚಿಕಿತ್ಸೆಗೂ ಬಗ್ಗುತ್ತದೆ. ಗಡ್ಡೆಯ ಮೂಲ ಯಾವುದೆಂಬ ಒಂದು ಪ್ರಶ್ನೆಯ ಮೇಲೆ ಚಿಕಿತ್ಸೆಯೂ ಭವಿಷ್ಯವೂ ಬದಲಾಗುತ್ತವೆ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ವಿಳಂಬ ಎಲ್ಲಿ ಆಗುತ್ತದೆ?

ಉದಾಹರಣೆಗಾಗಿ ಅರವತ್ತೈದರ ಒಬ್ಬ ರೈತರನ್ನು ಊಹಿಸಿಕೊಳ್ಳೋಣ. ಹನ್ನೆರಡು ವರ್ಷಗಳ ಹಿಂದೆ ಅವರ ಒಂದು ಮೂತ್ರಪಿಂಡವನ್ನು ಗಡ್ಡೆಯ ಕಾರಣ ತೆಗೆಯಲಾಗಿದೆ. ಆ ಬಳಿಕ ಆರೋಗ್ಯ ಚೆನ್ನಾಗಿಯೇ ಇದೆ. ಇತ್ತೀಚೆಗೆ ಹೊಲದ ಬದುವಿನವರೆಗೆ ನಡೆದರೂ ಏದುಸಿರು, ಎದೆ ಡವಗುಟ್ಟುವುದು, ಕಣ್ಣು ಕತ್ತಲೆಗಟ್ಟುವುದು ಶುರುವಾಗಿದೆ. ವಯಸ್ಸಾಯಿತು ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆಯೆಂದು ತಿಳಿದು ಕಬ್ಬಿಣಾಂಶದ ಮಾತ್ರೆ ಆರಂಭವಾಗುತ್ತದೆ. ಮಲ ಕಪ್ಪಾಗಿದೆ ಎಂದರೆ, ಮಾತ್ರೆಯಿಂದ ಹಾಗಾಗುತ್ತದೆ ಎಂಬ ಉತ್ತರ ಬರುತ್ತದೆ. ಕೆಲವು ವಾರಗಳ ನಂತರ ಮೂಲವ್ಯಾಧಿಯ ಔಷಧ, ಪಥ್ಯ ಶುರುವಾಗುತ್ತವೆ. ಈ ನಡುವೆ ಸೊಂಟನೋವಿಗೆಂದು ಅಂಗಡಿಯಿಂದ ತಂದ ನೋವಿನ ಗುಳಿಗೆಯೂ ಇದೆ. ಹಳೆಯ ಶಸ್ತ್ರಚಿಕಿತ್ಸೆಯ ಮಾತನ್ನು ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಹೀಗೆ ಆರು ತಿಂಗಳು ಕಳೆದುಹೋಗಬಹುದು.

ಇಲ್ಲಿ ಮೂರು ಸಂಗತಿಗಳನ್ನು ಸ್ಪಷ್ಟವಾಗಿ ಅರಿಯಬೇಕು. ಒಂದನೆಯದಾಗಿ, ಮೂಲವ್ಯಾಧಿಯಲ್ಲಿ ಬೀಳುವುದು ಸಾಮಾನ್ಯವಾಗಿ ಹೊಳೆಯುವ ಕೆಂಪು ರಕ್ತ. ಜಠರದಲ್ಲಿಯೋ ಸಣ್ಣ ಕರುಳಿನ ಮೇಲ್ಭಾಗದಲ್ಲಿಯೋ ಒಸರಿದ ರಕ್ತ ಕೆಳಗಿಳಿದು ಬರುವಷ್ಟರಲ್ಲಿ ಮಾರ್ಪಟ್ಟು, ಡಾಂಬರಿನಂತೆ ಕಪ್ಪಾಗಿ, ಜಿಗುಟಾಗಿ, ವಿಶಿಷ್ಟ ದುರ್ನಾತದಿಂದ ಕೂಡಿರುತ್ತದೆ. ಅದಕ್ಕೆ ೫೦ರಿಂದ ೧೦೦ ಮಿಲಿಲೀಟರ್, ಅಂದರೆ ಸಣ್ಣ ಲೋಟದಷ್ಟು ರಕ್ತ ಸಾಕು. ಇಂಥ ಮಲ ಮೂಲವ್ಯಾಧಿಯದಲ್ಲ. ಎರಡನೆಯದಾಗಿ, ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುವುದು ನಿಜವಾದರೂ ಅದು ಡಾಂಬರಿನಂತೆ ಜಿಗುಟಾಗಿರುವುದಿಲ್ಲ. ಸಂಶಯವಿದ್ದರೆ ಊಹೆ ಬೇಡ, ಪರೀಕ್ಷೆ ಮಾಡಿಸಬೇಕು. ಮೂರನೆಯದಾಗಿ, ರಕ್ತಹೀನತೆ ಎಂಬುದು ಒಂದು ಲಕ್ಷಣವೇ ಹೊರತು ರೋಗದ ಹೆಸರಲ್ಲ. ವಯಸ್ಸಾದ ಪುರುಷರಲ್ಲಿಯೂ ಮುಟ್ಟು ನಿಂತ ಮಹಿಳೆಯರಲ್ಲಿಯೂ ಕಬ್ಬಿಣಾಂಶದ ಕೊರತೆ ಕಂಡುಬಂದರೆ, ರಕ್ತ ಎಲ್ಲಿ ಸೋರುತ್ತಿದೆ ಎಂದು ಹುಡುಕದೆ ಮಾತ್ರೆ ಮಾತ್ರ ನುಂಗುವುದು, ತೂತಾದ ಕೊಡಕ್ಕೆ ನೀರು ಹೊಯ್ದಂತೆ.

ಓದುಗರು ಇದರಿಂದ ಭೀತರಾಗಬೇಕಿಲ್ಲ. ಕಪ್ಪು ಮಲಕ್ಕೆ ಜಠರದ ಹುಣ್ಣು, ನೋವಿನ ಗುಳಿಗೆಗಳ ದುಷ್ಪರಿಣಾಮ, ಮದ್ಯಪಾನದಿಂದ ಕೆಟ್ಟ ಯಕೃತ್ತು ಮುಂತಾದವೇ ಬಹುತೇಕ ಕಾರಣ. ಮೂತ್ರಪಿಂಡ ತೆಗೆಸಿಕೊಂಡವರಲ್ಲಿಯೂ ಇವೇ ಹೆಚ್ಚು. ಆದರೆ ಆ ಹಳೆಯ ಚರಿತ್ರೆ ಇರುವವರಲ್ಲಿ ಇನ್ನೊಂದು ಸಾಧ್ಯತೆಯೂ ಇದೆ ಎಂಬುದು ವೈದ್ಯರ ಗಮನದಲ್ಲಿರಬೇಕು. ರೋಗಿ ಹೇಳದಿದ್ದರೆ ಅದು ಗಮನಕ್ಕೆ ಬರುವುದು ಕಷ್ಟ.

ಪತ್ತೆ ಹಚ್ಚುವ ಬಗೆ

ರಕ್ತಸ್ರಾವದ ಮೂಲವನ್ನು ಹುಡುಕಲು ಮೊದಲು ಬಾಯಿಯ ಮೂಲಕ ಎಂಡೋಸ್ಕೋಪಿ, ಬಳಿಕ ದೊಡ್ಡ ಕರುಳಿಗೆ ಕೊಲೊನೋಸ್ಕೋಪಿ ಮಾಡುತ್ತಾರೆ. ಎರಡರಲ್ಲಿಯೂ ಏನೂ ಕಾಣದಿದ್ದರೆ ಪರೀಕ್ಷೆ ಅಲ್ಲಿಗೇ ನಿಲ್ಲಬಾರದು. ಏಕೆಂದರೆ ಈ ಎರಡು ಕೊಳವೆಗಳೂ ತಲುಪದ ಸಣ್ಣ ಕರುಳಿನ ದೀರ್ಘ ಭಾಗ ಇನ್ನೂ ಉಳಿದಿರುತ್ತದೆ. ನುಂಗಿದರೆ ದಾರಿಯುದ್ದಕ್ಕೂ ಚಿತ್ರ ತೆಗೆಯುವ ಕ್ಯಾಪ್ಸೂಲ್ ಎಂಡೋಸ್ಕೋಪಿಯಾಗಲಿ ರಕ್ತನಾಳಗಳನ್ನು ಎತ್ತಿ ತೋರಿಸುವ ಸಿ.ಟಿ. ಸ್ಕ್ಯಾನ್ ಆಗಲಿ ಆಗ ನೆರವಾಗುತ್ತದೆ. ಕರುಳಿನ ದಾರಿ ಮುಚ್ಚಿರುವ ಸಂಶಯವಿದ್ದರೆ ಕ್ಯಾಪ್ಸೂಲ್ ಸಿಕ್ಕಿಹಾಕಿಕೊಳ್ಳಬಹುದಾದ್ದರಿಂದ ವೈದ್ಯರು ಅದನ್ನು ಕೊಡುವುದಿಲ್ಲ. ಒಂದೇ ಮೂತ್ರಪಿಂಡ ಇರುವವರು ಸಿ.ಟಿ. ಸ್ಕ್ಯಾನಿಗೆ ಮುನ್ನ ಆ ಸಂಗತಿಯನ್ನು ತಪ್ಪದೆ ತಿಳಿಸಬೇಕು. ರಕ್ತನಾಳಕ್ಕೆ ಕೊಡುವ ಬಣ್ಣದ ದ್ರವವನ್ನು ಕ್ರಿಯಾಟಿನಿನ್ ಪರೀಕ್ಷೆಯ ಫಲಿತಾಂಶ ನೋಡಿ ಬಳಸುವುದು ಸುರಕ್ಷಿತ.

ಗಂಟು ಕಂಡ ಮೇಲೆ ಅದರ ಚೂರನ್ನು ತೆಗೆದು ಬಯಾಪ್ಸಿ ಪರೀಕ್ಷೆಗೆ ಕಳುಹಿಸುತ್ತಾರೆ. ಅದರಲ್ಲಿ ರಕ್ತನಾಳಗಳು ಹೇರಳವಾಗಿರುವುದರಿಂದ ಚೂರು ತೆಗೆಯುವಾಗಲೂ ರಕ್ತಸ್ರಾವವಾಗಬಹುದು. ಮೊದಲೇ ತಿಳಿದಿದ್ದರೆ ವೈದ್ಯರು ಸಿದ್ಧರಾಗಿರುತ್ತಾರೆ. ಪ್ರಯೋಗಾಲಯದಲ್ಲಿಯೂ ಅಷ್ಟೇ: ಹಿಂದಿನ ಚರಿತ್ರೆ ಗೊತ್ತಿದ್ದರೆ ಪೆಥಾಲಜಿಸ್ಟ್ ‘ಪ್ಯಾಕ್ಸ್-೮’ ಮೊದಲಾದ ವಿಶೇಷ ಪರೀಕ್ಷೆಗಳನ್ನು ಮಾಡಿ, ಈ ಕೋಶಗಳು ಜಠರದಲ್ಲಿ ಹುಟ್ಟಿದವೋ ಮೂತ್ರಪಿಂಡದಿಂದ ಬಂದವೋ ಎಂದು ನಿರ್ಣಯಿಸಬಲ್ಲರು. ಹಳೆಯ ಬಯಾಪ್ಸಿ ವರದಿ ಕೈಯಲ್ಲಿದ್ದರೆ ಕೆಲಸ ಇನ್ನೂ ಸುಲಭ.

ಚಿಕಿತ್ಸೆ ಮತ್ತು ಭರವಸೆ

ಕ್ಯಾನ್ಸರ್ ಮರಳಿತು ಎಂದೊಡನೆ ಎಲ್ಲವೂ ಮುಗಿಯಿತೆಂದು ಕೈಚೆಲ್ಲುವವರಿದ್ದಾರೆ. ಮೂತ್ರಪಿಂಡದ ಕ್ಯಾನ್ಸರಿನಲ್ಲಿ, ಅದರಲ್ಲಿಯೂ ಅನೇಕ ವರ್ಷಗಳ ನಂತರ ಮರಳಿದಾಗ, ಹಾಗೆ ತಿಳಿಯುವುದು ಸರಿಯಲ್ಲ. ತಡವಾಗಿ ಮರಳುವ ರೋಗ ಸಾಮಾನ್ಯವಾಗಿ ನಿಧಾನಗತಿಯದು. ದೇಹದಲ್ಲಿ ಒಂದೇ ಗಂಟು ಇದ್ದು, ಅದನ್ನು ಪೂರ್ತಿಯಾಗಿ ತೆಗೆಯಲು ಸಾಧ್ಯವಾದರೆ, ಶಸ್ತ್ರಚಿಕಿತ್ಸೆಯ ನಂತರ ಹಲವು ವರ್ಷ ನೆಮ್ಮದಿಯಿಂದ ಬಾಳಿದವರಿದ್ದಾರೆ. ತೀವ್ರ ರಕ್ತಸ್ರಾವವಾಗುತ್ತಿದ್ದರೆ ಎಂಡೋಸ್ಕೋಪಿಯ ಮೂಲಕವೋ, ರಕ್ತ ಪೂರೈಸುವ ನಾಳವನ್ನು ಒಳಗಿನಿಂದಲೇ ಮುಚ್ಚುವ ವಿಧಾನದಿಂದಲೋ ಅದನ್ನು ತಡೆಯಬಹುದು.

ಹಲವೆಡೆ ಹರಡಿದವರಿಗೂ ಇಂದು ಮಾರ್ಗಗಳಿವೆ. ಹಳೆಯ ಬಗೆಯ ಕೀಮೋಥೆರಪಿಗೆ ಈ ಕ್ಯಾನ್ಸರ್ ಅಷ್ಟಾಗಿ ಬಗ್ಗುವುದಿಲ್ಲ. ಆದರೆ ಹೊಸ ರಕ್ತನಾಳಗಳ ಬೆಳವಣಿಗೆಯನ್ನು ತಡೆಯುವ ಮಾತ್ರೆಗಳು ೨೦೦೫ರಿಂದ ಬಳಕೆಗೆ ಬಂದಿವೆ. ಸೊರಾಫೆನಿಬ್, ಸುನಿಟಿನಿಬ್, ಪಜೋಪನಿಬ್, ಕ್ಯಾಬೊಜಾಂಟಿನಿಬ್ ಇವು ಆ ವರ್ಗದವು. ವಿ.ಎಚ್.ಎಲ್. ಜೀನಿನ ಅಧ್ಯಯನದಿಂದ ದೊರೆತ ಅರಿವು ಇವುಗಳ ಹಿಂದಿದೆ. ದೇಹದ ರೋಗನಿರೋಧಕ ಪಡೆಗೆ ಬಿದ್ದ ತಡೆಯನ್ನು ತೆಗೆದುಹಾಕುವ ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಮೊದಲಾದ ಇಮ್ಯುನೋಥೆರಪಿ ಔಷಧಗಳು ಅನಂತರ ಬಂದವು. ಇವುಗಳಿಗೆ ಆಧಾರವಾದ ಸಂಶೋಧನೆಗಾಗಿ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ ೨೦೧೮ರಲ್ಲಿ ನೊಬೆಲ್ ಸಂದಿತು. ಈ ಔಷಧಗಳಿಗೂ ಅಡ್ಡಪರಿಣಾಮಗಳಿವೆ. ರಕ್ತದೊತ್ತಡ ಏರುವುದು, ಭೇದಿ, ಅಂಗೈ ಅಂಗಾಲುಗಳಲ್ಲಿ ಉರಿ, ಥೈರಾಯ್ಡ್ ವ್ಯತ್ಯಾಸ ಇವನ್ನು ಗಮನಿಸುತ್ತಿರಬೇಕು. ಸ್ವಂತ ನಿರ್ಧಾರದಿಂದ ಮಾತ್ರೆ ನಿಲ್ಲಿಸುವುದಾಗಲಿ ಜೊತೆಗೆ ನಾಟಿ ಔಷಧ ಸೇರಿಸುವುದಾಗಲಿ ಅಪಾಯಕರ.

ವೆಚ್ಚದ ಚಿಂತೆ ಅನೇಕರನ್ನು ಆಸ್ಪತ್ರೆಯಿಂದ ದೂರವಿಡುತ್ತದೆ. ಬಿ.ಪಿ.ಎಲ್. ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ ೫ ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವು ಇದೆ. ಯಾವ ಚಿಕಿತ್ಸೆಗೆ ಎಷ್ಟು ನೆರವೆಂಬುದನ್ನು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ, ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ ಮೊದಲಾದ ಕಡೆಗಳಲ್ಲಿ ಕ್ಯಾನ್ಸರ್ ತಜ್ಞರ ಸಲಹೆ ದೊರೆಯುತ್ತದೆ.

ನಾವು ಮಾಡಬೇಕಾದುದು

ಮೂತ್ರಪಿಂಡದ ಗಡ್ಡೆಗೆ ಚಿಕಿತ್ಸೆ ಪಡೆದವರು ಶಸ್ತ್ರಚಿಕಿತ್ಸೆಯ ವಿವರ, ಬಯಾಪ್ಸಿ ವರದಿ ಮತ್ತು ಡಿಸ್ಚಾರ್ಜ್ ಚೀಟಿಗಳನ್ನು ಆಸ್ತಿಪತ್ರಗಳ ಜೊತೆಯಲ್ಲಿಯೇ ಜೋಪಾನವಾಗಿ ಇಡಬೇಕು. ಮನೆಯಲ್ಲಿ ಇನ್ನೊಬ್ಬರಿಗೂ ಅದರ ಮಾಹಿತಿ ಇರಲಿ. ವೈದ್ಯರು ಹೇಳಿದಷ್ಟು ಕಾಲ ತಪಾಸಣೆ ತಪ್ಪಿಸಬಾರದು. ನಿಗದಿತ ತಪಾಸಣೆಯ ಅವಧಿ ಮುಗಿದ ಮೇಲೆಯೂ ವರ್ಷಕ್ಕೊಮ್ಮೆ ವೈದ್ಯರನ್ನು ಕಂಡು ಹಿಮೋಗ್ಲೋಬಿನ್, ಕ್ರಿಯಾಟಿನಿನ್ ಮತ್ತು ರಕ್ತದೊತ್ತಡವನ್ನು ನೋಡಿಸಿಕೊಳ್ಳುವುದು ಒಳಿತು. ಕಾರಣ ತಿಳಿಯದ ಸುಸ್ತು, ತೂಕ ಇಳಿಯುವುದು, ಕಪ್ಪು ಮಲ, ಬಿಟ್ಟುಬಿಟ್ಟು ಬರುವ ಹೊಟ್ಟೆನೋವು, ಕಾಮಾಲೆ ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರನ್ನು ಕಾಣಬೇಕು. ಹೊಸ ವೈದ್ಯರ ಬಳಿ ಹೋದಾಗ, ಅವರು ಕೇಳದಿದ್ದರೂ, ಹಳೆಯ ಶಸ್ತ್ರಚಿಕಿತ್ಸೆಯನ್ನು ಮೊದಲ ಮಾತಿನಲ್ಲಿಯೇ ಹೇಳಬೇಕು. ಉಳಿದ ಒಂದು ಮೂತ್ರಪಿಂಡದ ರಕ್ಷಣೆಗಾಗಿ ವೈದ್ಯರ ಸಲಹೆಯಿಲ್ಲದೆ ನೋವಿನ ಗುಳಿಗೆ ನುಂಗಬಾರದು. ಬೀಡಿ, ಸಿಗರೇಟು, ತಂಬಾಕನ್ನು ತೊರೆಯಬೇಕು.

ಹನ್ನೆರಡನೆಯ ಶತಮಾನದ ಶರಣ ಸಮೂಹದಲ್ಲಿ ವೈದ್ಯ ಕಾಯಕದ ಸಂಗಣ್ಣನವರೂ ಇದ್ದರು. ವೈದ್ಯನದು ಕಾಯಕವಾದರೆ, ತನ್ನ ದೇಹದ ಚರಿತ್ರೆಯನ್ನು ಮುಚ್ಚುಮರೆಯಿಲ್ಲದೆ ವೈದ್ಯನಿಗೆ ಒಪ್ಪಿಸುವುದು ರೋಗಿಯ ಪಾಲಿನ ಕಾಯಕ. ಕ್ಯಾನ್ಸರ್ ಎಂಬ ಹೆಸರನ್ನು ಅಪಶಕುನವೆಂದೋ ಮಕ್ಕಳ ಮದುವೆಗೆ ಅಡ್ಡಿಯಾದೀತೆಂದೋ ಮುಚ್ಚಿಡುವ ರೂಢಿ ಇನ್ನೂ ಕೆಲವು ಮನೆಗಳಲ್ಲಿದೆ. ಅದು ಅಂಟುರೋಗವಲ್ಲ, ಪಾಪದ ಫಲವೂ ಅಲ್ಲ. ಮುಚ್ಚಿಟ್ಟರೆ ನಷ್ಟ ರೋಗಿಗೇ. ನಮ್ಮ ಬಂಧುಬಳಗದಲ್ಲಿ, ನೆರೆಮನೆಯಲ್ಲಿ ಮೂತ್ರಪಿಂಡ ತೆಗೆಸಿಕೊಂಡ ಹಿರಿಯರಿದ್ದರೆ, ಈ ವಿಷಯವನ್ನು ಅವರಿಗೆ ಓದಿ ಹೇಳೋಣ. ಅವರ ಹಳೆಯ ಕಾಗದಗಳನ್ನು ಹುಡುಕಿ ಒಂದು ಚೀಲದಲ್ಲಿ ಜೋಡಿಸಿಡಲು ನೆರವಾಗೋಣ. ಮುಂದೊಂದು ದಿನ ವೈದ್ಯರ ಮುಂದೆ ಆ ಚೀಲವೇ ಅವರ ಪರವಾಗಿ ಮಾತನಾಡಬಹುದು.